ಎಲ್‌ಎಲ್‌ಆರ್: ಆರು ತಿಂಗಳ ಅವಕಾಶ, ಮೂವತ್ತು ದಿನಗಳ ಆತುರ

ವಾಹನ ಓಡಿಸಲು ಬಾರದವರಿಗೆ ಪರವಾನಗಿ ಕೊಡುವಂತಿಲ್ಲ, ಪರವಾನಗಿ ಇಲ್ಲದವರು ಸಾರ್ವಜನಿಕ ರಸ್ತೆಯಲ್ಲಿ ವಾಹನ ಓಡಿಸಿ ಕಲಿಯುವಂತಿಲ್ಲ ಎಂಬ ತೊಡಕನ್ನು ಬಿಡಿಸುವುದಕ್ಕೆಂದೇ ಕಾನೂನು ಕಲಿಕಾ ಪರವಾನಗಿ ಎಂಬ ತಾತ್ಕಾಲಿಕ ಅನುಮತಿಯನ್ನು ರೂಪಿಸಿದೆ. ಕರ್ನಾಟಕದ ಜನರ ಬಾಯಲ್ಲಿ ಅದು ‘ಎಲ್‌ಎಲ್‌ಆರ್’. ಅದನ್ನು ಕೊಡುವ ಪ್ರಾದೇಶಿಕ ಸಾರಿಗೆ ಅಧಿಕಾರಿಯ ಕಚೇರಿ ‘ಆರ್‌ಟಿಓ ಆಫೀಸು’. 1939ರ ಕಾಯ್ದೆಯ ಜಾಗದಲ್ಲಿ 1989ರ ಜುಲೈ 1ರಂದು ಜಾರಿಗೆ ಬಂದ 1988ರ ಮೋಟಾರು ವಾಹನಗಳ ಕಾಯ್ದೆ ಮತ್ತು ಅದರಡಿ ರಚಿತವಾದ 1989ರ ಕೇಂದ್ರ ಮೋಟಾರು ವಾಹನಗಳ ನಿಯಮಗಳು ಈ ಪರವಾನಗಿಗೆ ಆಧಾರವಾಗಿದ್ದು, ಅರ್ಜಿದಾರರು ತಾವು ವಾಸಿಸುವ ಪ್ರದೇಶದ ಕಚೇರಿಗೇ ಹೋಗಬೇಕೆಂಬ ಹಿಂದಿನ ಕಟ್ಟುಪಾಡು 2019ರ ತಿದ್ದುಪಡಿಯಿಂದ ಸಡಿಲಗೊಂಡು, ಈಗ ರಾಜ್ಯದ ಯಾವುದೇ ಪರವಾನಗಿ ಪ್ರಾಧಿಕಾರಕ್ಕೆ ಅರ್ಜಿ ಸಲ್ಲಿಸಲು ಅವಕಾಶವಿದೆ.

ವಯಸ್ಸಿನ ವಿಷಯದಲ್ಲಿ ಕಾಯ್ದೆ ಮೂರು ಮೆಟ್ಟಿಲುಗಳನ್ನು ಹಾಕಿದೆ. ಸ್ವಂತ ಬಳಕೆಯ ಬೈಕು, ಕಾರುಗಳಿಗೆ 18 ವರ್ಷ, ಬಾಡಿಗೆ ಅಥವಾ ಸರಕು ಸಾಗಣೆಯ ವಾಹನಗಳಿಗೆ 20 ವರ್ಷ ತುಂಬಿರಬೇಕು. 50 ಸಿಸಿ ಮೀರದ ಎಂಜಿನ್ನಿನ ದ್ವಿಚಕ್ರ ವಾಹನಕ್ಕೆ ಮಾತ್ರ, ಪೋಷಕರ ಲಿಖಿತ ಒಪ್ಪಿಗೆಯಿದ್ದರೆ, 16 ವರ್ಷ ಸಾಕು. ಲೂನಾದಂತಹ ಮೊಪೆಡ್‌ಗಳು ಮನೆಮನೆಯಲ್ಲಿದ್ದ ಕಾಲಕ್ಕೆ ಈ ರಿಯಾಯಿತಿಗೆ ಅರ್ಥವಿತ್ತು. ಇಂದು ಮಾರಾಟವಾಗುವ ಪೆಟ್ರೋಲ್ ಸ್ಕೂಟರುಗಳ ಎಂಜಿನ್ನುಗಳು ಈ ಮಿತಿಯನ್ನು ಎಂದೋ ದಾಟಿರುವುದರಿಂದ, ಪಿಯುಸಿ ವಿದ್ಯಾರ್ಥಿ ಆ ಪರವಾನಗಿಯನ್ನು ಹಿಡಿದು ಅಪ್ಪನ ಸ್ಕೂಟರ್ ಹತ್ತಿದರೆ ಅದು ಪರವಾನಗಿಯಿಲ್ಲದ ಚಾಲನೆಯೇ ಆಗುತ್ತದೆ. ಅಪ್ರಾಪ್ತರು ಹೀಗೆ ಸಿಕ್ಕಿಬಿದ್ದಾಗ ಪೋಷಕರು ಇಲ್ಲವೆ ವಾಹನದ ಮಾಲೀಕರಿಗೆ ಮೂರು ವರ್ಷದವರೆಗಿನ ಸೆರೆವಾಸ ಮತ್ತು 25,000 ರೂಪಾಯಿ ದಂಡ ವಿಧಿಸಲು ಕಾಯ್ದೆಯ 199ಎ ಕಲಂ ಅವಕಾಶ ಕೊಟ್ಟಿದೆ.

ಅರ್ಜಿಯನ್ನು ಈಗ ‘ಸಾರಥಿ’ ಎಂಬ ಕೇಂದ್ರೀಯ ಜಾಲತಾಣದಲ್ಲಿ ಭರ್ತಿ ಮಾಡಲಾಗುತ್ತದೆ. ವಯಸ್ಸು ಮತ್ತು ವಿಳಾಸದ ದಾಖಲೆಗಳ ಜೊತೆಗೆ ಸಲ್ಲಿಸಬೇಕಾದ ‘ನಮೂನೆ 1’ ಎಂಬ ಸ್ವಯಂಘೋಷಣೆಯನ್ನು ಹೆಚ್ಚಿನವರು ಓದದೆಯೇ ಸಹಿ ಹಾಕುತ್ತಾರೆ. ಸೈಬರ್ ಸೆಂಟರಿನವರು ತುಂಬಿಸಿದರಂತೂ ಅದರಲ್ಲಿ ಏನಿದೆಯೆಂಬುದೇ ಅರ್ಜಿದಾರರಿಗೆ ತಿಳಿಯುವುದಿಲ್ಲ. ಮೂರ್ಛೆರೋಗವಿದೆಯೇ, ಹಗಲು ಬೆಳಕಿನಲ್ಲಿ 25 ಮೀಟರ್ ದೂರದ ಕಾರಿನ ನಂಬರ್ ಪ್ಲೇಟನ್ನು ಓದಬಲ್ಲಿರಾ, ಕೆಂಪು-ಹಸಿರು ಬಣ್ಣಗಳ ವ್ಯತ್ಯಾಸ ಸುಲಭವಾಗಿ ತಿಳಿಯುತ್ತದೆಯೇ, ಇರುಳುಗುರುಡು ಇದೆಯೇ ಎಂದು ಅದು ಒಂದೊಂದಾಗಿ ಕೇಳುತ್ತದೆ. ಮನೆಯ ಮುಂದೆ ನಿಂತ ಕಾರಿನಿಂದ ಇಪ್ಪತ್ತೈದು ಮೀಟರ್ ದೂರ ಹೋಗಿ ನಿಂತು ನೋಡಿದರೆ ಸಾಕು, ಕನ್ನಡಕ ಬೇಕೋ ಬೇಡವೋ ಎಂಬುದು ಐದು ನಿಮಿಷದಲ್ಲಿ ಗೊತ್ತಾಗುತ್ತದೆ. ಅಷ್ಟನ್ನೂ ಮಾಡದೆ ಹಾಕಿದ ಸಹಿಗೆ ಬೆಲೆಯಿಲ್ಲ. 40 ವರ್ಷ ದಾಟಿದವರು ಮತ್ತು ಸಾರಿಗೆ ವಾಹನಕ್ಕೆ ಅರ್ಜಿ ಹಾಕುವವರು ಇದರ ಜೊತೆಗೆ ವೈದ್ಯರಿಂದ ‘ನಮೂನೆ 1ಎ’ ಪಡೆಯಬೇಕು.

ಮುಂದಿನ ಹಂತ ಕಂಪ್ಯೂಟರಿನಲ್ಲಿ ನಡೆಯುವ ಪ್ರಾಥಮಿಕ ಪರೀಕ್ಷೆ. ಸಂಚಾರ ಚಿಹ್ನೆಗಳು, ರಸ್ತೆ ನಿಯಮಗಳು, ಅಪಘಾತವಾದಾಗ ಚಾಲಕರ ಕರ್ತವ್ಯ, ವಾಹನದಲ್ಲಿ ಇರಬೇಕಾದ ದಾಖಲೆಗಳು, ಕಾವಲಿಲ್ಲದ ರೈಲ್ವೆ ಗೇಟು ದಾಟುವ ಕ್ರಮ ಇವಿಷ್ಟು ನಿಯಮ 11 ಗೊತ್ತುಪಡಿಸಿದ ವಿಷಯಗಳು. ಕೆಂಪು ಅಂಚಿನ ತ್ರಿಕೋನ ಎಚ್ಚರಿಕೆ ಕೊಡುತ್ತದೆ, ಕೆಂಪು ವೃತ್ತ ನಿಷೇಧಿಸುತ್ತದೆ, ನೀಲಿ ಫಲಕ ಮಾಹಿತಿ ಹೇಳುತ್ತದೆ ಎಂಬ ವ್ಯಾಕರಣವನ್ನು ಹಿಡಿದವರಿಗೆ ಚಿಹ್ನೆಗಳ ಅರ್ಧ ಭಾಗ ಬಾಯಿಪಾಠವಿಲ್ಲದೆಯೇ ಬಂದುಬಿಡುತ್ತದೆ. ರೈಲ್ವೆ ಗೇಟಿನ ಪ್ರಶ್ನೆಯ ಕಥೆ ಬೇರೆ. ಕಾವಲಿಲ್ಲದ ಗೇಟಿನ ಬಳಿ ವಾಹನ ನಿಲ್ಲಿಸಿ, ಕಂಡಕ್ಟರ್ ಅಥವಾ ಕ್ಲೀನರ್ ಕೆಳಗಿಳಿದು ಹಳಿಯವರೆಗೆ ನಡೆದು ಎರಡೂ ಕಡೆ ನೋಡಿ ವಾಹನವನ್ನು ದಾಟಿಸಬೇಕು, ಅಂಥವರು ಇಲ್ಲದಿದ್ದರೆ ಚಾಲಕರೇ ಇಳಿಯಬೇಕು ಎಂದು 131ನೇ ಕಲಂ ವಿವರವಾಗಿ ಹೇಳುತ್ತದೆ. ಬ್ರಾಡ್‌ಗೇಜ್ ಮಾರ್ಗಗಳಲ್ಲಿ ಅಂತಹ ಗೇಟುಗಳನ್ನು ರೈಲ್ವೆ ಇಲಾಖೆ 2019ರ ಆರಂಭದ ಹೊತ್ತಿಗೇ ತೆಗೆದುಹಾಕಿದ್ದರೂ ಪಠ್ಯದಲ್ಲಿ ಅದು ಉಳಿದುಕೊಂಡಿದೆ. ಅದಕ್ಕಿಂತ ನಿತ್ಯದ ಬಳಕೆಗೆ ಬರುವುದು 134ನೇ ಕಲಂ: ಅಪಘಾತವಾದರೆ ಗಾಯಾಳುವಿಗೆ ಚಿಕಿತ್ಸೆ ಕೊಡಿಸಲು ಚಾಲಕರು ಕ್ರಮ ಕೈಗೊಳ್ಳಬೇಕು, ಘಟನೆಯನ್ನು 24 ಗಂಟೆಯೊಳಗೆ ಪೊಲೀಸರಿಗೆ ತಿಳಿಸಬೇಕು.

ಆಧಾರ್ ಮೂಲಕ ಗುರುತು ದೃಢಪಡಿಸಿಕೊಂಡವರು ಈ ಪರೀಕ್ಷೆಯನ್ನು ಮನೆಯಿಂದಲೇ ಬರೆಯಬಹುದಾದ್ದರಿಂದ ಸರದಿಯಲ್ಲಿ ಕಾಯುವ ಕಷ್ಟ ತಪ್ಪಿದೆ, ಕಚೇರಿಯ ಮೆಟ್ಟಿಲ ಬಳಿ ಕಾದಿರುತ್ತಿದ್ದ ದಲ್ಲಾಳಿಯ ಅನಿವಾರ್ಯತೆಯೂ ಕಡಿಮೆಯಾಗಿದೆ. ಆದರೆ ಅರ್ಜಿದಾರರನ್ನು ಅಧಿಕಾರಿಯೊಬ್ಬರು ಎದುರು ಕೂರಿಸಿಕೊಂಡು ನೋಡುತ್ತಿದ್ದ ಒಂದು ಸಂದರ್ಭವೂ ಅದರೊಂದಿಗೇ ಹೋಯಿತು. ಪಕ್ಕದಲ್ಲಿ ಕುಳಿತವರು ಪಿಸುಗುಟ್ಟಿದ ಉತ್ತರದಿಂದ ಪಾಸಾದವರನ್ನು ಬೇರ್ಪಡಿಸುವ ಜರಡಿ ಇನ್ನು ಮುಂದಿನ ಚಾಲನಾ ಪರೀಕ್ಷೆಯೊಂದೇ.

ಪರವಾನಗಿ ಕೈಗೆ ಬಂದ ಮೇಲಿನ ಷರತ್ತುಗಳನ್ನು ನಿಯಮ 3 ಹೇಳುತ್ತದೆ, ಮತ್ತು ಅತಿ ಹೆಚ್ಚು ಮುರಿಯಲ್ಪಡುವುದೂ ಅವೇ. ಆ ವಾಹನವನ್ನು ಓಡಿಸುವ ಪರವಾನಗಿಯುಳ್ಳ ಒಬ್ಬರು, ಅಗತ್ಯ ಬಿದ್ದಾಗ ವಾಹನವನ್ನು ನಿಯಂತ್ರಿಸಲು ಇಲ್ಲವೆ ನಿಲ್ಲಿಸಲು ಸಾಧ್ಯವಾಗುವ ಜಾಗದಲ್ಲಿ ಜೊತೆಗಿರಬೇಕು. ಬೈಕು ಕಲಿಯುವವರು ಕಲಿಸುವವರನ್ನು ಬಿಟ್ಟು ಬೇರಾರನ್ನೂ ಹಿಂದೆ ಕೂರಿಸಿಕೊಳ್ಳುವಂತಿಲ್ಲ. ಗೆಳೆಯನನ್ನು ಕೂರಿಸಿಕೊಂಡು ಕಾಲೇಜಿಗೆ ಹೋಗುವುದು ಕಲಿಕೆಯ ಲೆಕ್ಕಕ್ಕೆ ಬರುವುದಿಲ್ಲ. ವಾಹನದ ಹಿಂದೆ ಮುಂದೆ ಬಿಳಿ ಹಿನ್ನೆಲೆಯ ಮೇಲೆ ಕೆಂಪು ‘ಎಲ್’ ಅಕ್ಷರ ಇರಬೇಕು. ಆ ಚೌಕ ಕನಿಷ್ಠ 18 ಸೆಂಟಿಮೀಟರ್, ಅಕ್ಷರದ ಎತ್ತರ 10, ದಪ್ಪ 2, ತಳದ ಅಗಲ 9 ಸೆಂಟಿಮೀಟರ್ ಎಂಬಷ್ಟು ಕರಾರುವಾಕ್ಕಾಗಿ ನಿಯಮ ಅಳತೆ ಕೊಟ್ಟಿರುವುದು ಹಿಂದೆ ಬರುತ್ತಿರುವ ಲಾರಿ ಚಾಲಕರಿಗೂ ಅದು ದೂರದಿಂದ ಕಾಣಲೆಂದು. ನಂಬರ್ ಪ್ಲೇಟಿನ ಮೂಲೆಯಲ್ಲಿ ಕೆಂಪು ಟೇಪು ಅಂಟಿಸಿ ಮಾಡಿದ ಬೆರಳುದ್ದದ ‘ಎಲ್’ ಪೊಲೀಸರ ಕಣ್ಣಿಗೆ ಬೀಳಬಹುದೇ ಹೊರತು ಲಾರಿಯವರ ಕಣ್ಣಿಗೆ ಬೀಳದು.

ಎಲ್‌ಎಲ್‌ಆರ್‌ನ ಅವಧಿ ಆರು ತಿಂಗಳು; ಪಡೆದು 30 ದಿನ ಕಳೆಯದೆ ಚಾಲನಾ ಪರೀಕ್ಷೆಗೆ ಹಾಜರಾಗುವಂತಿಲ್ಲ. ಮೂವತ್ತು ದಿನವೆಂಬುದು ಕನಿಷ್ಠ ಮಿತಿಯಾಗಿದ್ದರೂ ರೂಢಿಯಲ್ಲಿ ಅದೇ ಪೂರ್ಣಾವಧಿಯಾಗಿಬಿಟ್ಟಿದೆ. ಮೂವತ್ತೊಂದನೇ ದಿನವೇ ಡಿಎಲ್ ಪರೀಕ್ಷೆಗೆ ದಿನಾಂಕ ಹಿಡಿಯುವ ಆತುರದಲ್ಲಿ, ಮಳೆಯಲ್ಲಿ, ರಾತ್ರಿಯ ಎದುರು ಬೆಳಕಿನಲ್ಲಿ, ಏರಿನ ಮೇಲಿನ ಟ್ರಾಫಿಕ್ಕಿನಲ್ಲಿ ಅನುಭವಿಯೊಬ್ಬರ ಜೊತೆ ಓಡಿಸಿ ಕಲಿಯಲು ಕಾನೂನು ಕೊಟ್ಟಿರುವ ಐದು ತಿಂಗಳು ವ್ಯರ್ಥವಾಗುತ್ತವೆ. ಹಾಗೆಂದು ಕೊನೆಯ ವಾರದವರೆಗೆ ಕಾಯುವುದೂ ಜಾಣತನವಲ್ಲ: ಫೇಲಾದವರು ಮತ್ತೆ ಪರೀಕ್ಷೆಗೆ ಬರಲು ಏಳು ದಿನ ಕಾಯಬೇಕು, ಅಷ್ಟರಲ್ಲಿ ಆರು ತಿಂಗಳು ಮುಗಿದರೆ ಅರ್ಜಿ, ಶುಲ್ಕ, ಪ್ರಾಥಮಿಕ ಪರೀಕ್ಷೆ ಎಲ್ಲವೂ ಮೊದಲಿನಿಂದ ಆಗಬೇಕು. ನಾಲ್ಕನೇ ತಿಂಗಳು ಕಳೆಯುವ ಹೊತ್ತಿಗೆ ಪರೀಕ್ಷೆಯ ದಿನಾಂಕ ಗೊತ್ತುಮಾಡಿಕೊಳ್ಳುವುದು ಒಳ್ಳೆಯದು.