ಬಸರಿಯೋ ಬಸುರಿಯೋ?

‘ಯಾವ ಬಸುರಿ ಕೂತ ಕಟ್ಟೆ ಮಾರಾಯ ಅದು?’ ಬಸರೀಕಟ್ಟೆಯ ಹೆಸರು ಕೇಳಿದ ಬಯಲುಸೀಮೆಯ ಗೆಳೆಯನ ಪ್ರಶ್ನೆ. ತಪ್ಪು ಅವನದಲ್ಲ. ಆಡುಮಾತಿನಲ್ಲಿ ಬಸುರಿಯೂ ಬಸರಿಯಾಗುತ್ತಾಳೆ. ಹೊಟ್ಟೆ ಎಂಬರ್ಥದ ನಮ್ಮ ಬಸಿರು ತಮಿಳಿನ ವಯಿರಿನ ಒಡಹುಟ್ಟು. ಕೊಪ್ಪ ತಾಲ್ಲೂಕಿನ ಈ ಊರು ಹೊತ್ತಿರುವುದು ಮಾತ್ರ ಮರದ ಹೆಸರನ್ನು. ಆಲ, ಅರಳಿ, ಅತ್ತಿಗಳ ದಾಯಾದಿ ಬಸರಿ.

ಆ ಮನೆತನದ ಚಾಳಿಯೇ ವಿಚಿತ್ರ. ಹೂವನ್ನು ಕಾಯಿಯೊಳಗೇ ಬಚ್ಚಿಟ್ಟುಕೊಳ್ಳುತ್ತದೆ; ಪುಟ್ಟ ಕಣಜವೊಂದು ಒಳಗೆ ನುಸುಳಿ ಪರಾಗ ಮುಟ್ಟಿಸಬೇಕು. ಹೊಟ್ಟೆಯಲ್ಲಿ ಹೂ ಹೊತ್ತ ಮರ! ಗೆಳೆಯನ ತಮಾಷೆಯೇ ನಿಜವಾಗಿದ್ದರೆ ಎಂದು ನನಗೂ ಆಸೆಯಾಯಿತು. ಆಸೆಪಟ್ಟ ಮಾತ್ರಕ್ಕೆ ಪದದ ಬೇರು ಸಿಗುವುದಿಲ್ಲವಲ್ಲ.

ಸಂಸ್ಕೃತದಲ್ಲಿ ಬಸರಿಗೆ ಪ್ಲಕ್ಷ ಎನ್ನುತ್ತಾರೆ. ಪುರಾಣಗಳ ಏಳು ದ್ವೀಪಗಳಲ್ಲಿ ನಮ್ಮ ಜಂಬೂದ್ವೀಪಕ್ಕೆ ನೇರಳೆಯ ಹೆಸರಾದರೆ, ಪಕ್ಕದ ಪ್ಲಕ್ಷದ್ವೀಪಕ್ಕೆ ಬಸರಿಯದು. ಮರದ ಹೆಸರು ಹೊರುವ ಚಾಳಿ ನಮ್ಮಲ್ಲಷ್ಟೇ ಅಲ್ಲ. ಇಂಗ್ಲೆಂಡಿನ ಕೆಂಟ್ ಪ್ರಾಂತ್ಯದಲ್ಲಿ ಸೆವೆನೋಕ್ಸ್ ಎಂಬ ಊರಿದೆ. ಅರ್ಥ, ಏಳು ಓಕ್ ಮರ. ಹೆಸರಿಗೆ ತಕ್ಕಂತೆ ಅಲ್ಲಿ 1902ರಲ್ಲಿ ನೆಟ್ಟಿದ್ದ ಏಳರಲ್ಲಿ ಆರು 1987ರ ಬಿರುಗಾಳಿಗೆ ಉರುಳಿದವು. ಹೆಸರು ಅಲುಗಲಿಲ್ಲ.

ಕಟ್ಟೆಯ ಕಥೆ ಇನ್ನೂ ಸಡಿಲ. ಕಟ್ಟಿದ್ದೆಲ್ಲ ಕಟ್ಟೆಯೇ: ನೀರಿಗೆ ಅಡ್ಡ ಕಟ್ಟಿದ್ದು, ಸುಂಕ ಎತ್ತಲು ಕೂತಿದ್ದು (ಬೆಂಗಳೂರಿನ ಸುಂಕದಕಟ್ಟೆ ನೆನೆಯಿರಿ), ಮರದ ಬುಡಕ್ಕೆ ಕಲ್ಲು ಪೇರಿಸಿದ್ದು. ಮುಂದೆ ಬಸರಿ ನಿಂತಿರುವಾಗ ನಾನು ಕೊನೆಯದರ ಕಡೆಗೇ. ಅರಳೀಕಟ್ಟೆಯ ‘ಳೀ’ಯಂತೆ ಇಲ್ಲಿ ‘ರೀ’ ಎಳೆದುಕೊಂಡಿದೆ.

ಸುತ್ತಲಿನ ಹೆಸರುಗಳಿಗೆ ಇಷ್ಟು ನೆಮ್ಮದಿಯಿಲ್ಲ. ಕೊಪ್ಪ ಎಂದರೆ ಸಣ್ಣ ಹಳ್ಳಿ. ಈಗ ಅದು ತಾಲ್ಲೂಕು ಕೇಂದ್ರ. 1904ರಲ್ಲಿ ಕುವೆಂಪು ಹುಟ್ಟಿದ ಹಿರೇಕೊಡಿಗೆಯಲ್ಲಿ ದತ್ತಿಭೂಮಿಯ ‘ಕೊಡಿಗೆ’ ಕೇಳಿಸುತ್ತದೆ. ಶೃಂಗೇರಿಯನ್ನು ಋಷ್ಯಶೃಂಗಗಿರಿಗೆ ಒಯ್ಯುತ್ತಾರೆ. ಹತ್ತಿರದ ಕಿಗ್ಗದಲ್ಲಿ ಋಷ್ಯಶೃಂಗೇಶ್ವರನ ಗುಡಿಯೇ ಇದೆ. ಎಡೇಹಳ್ಳಿ 1915ರಲ್ಲಿ ಮೈಸೂರಿನ ಯುವರಾಜ ಕಂಠೀರವ ನರಸಿಂಹರಾಜ ಒಡೆಯರ ಹೆಸರು ಹೊತ್ತು ನರಸಿಂಹರಾಜಪುರವಾಯಿತು. ಈಗ ಬಾಯಲ್ಲಿ ಸವೆದು ಎನ್.ಆರ್. ಪುರ. ಬಾಳೆಹೊನ್ನೂರಿನ ಪೀಠ ರಂಭಾಪುರಿ. ಆ ರಂಭೆ ಅಪ್ಸರೆಯಾಗಿರಬೇಕಿಲ್ಲ, ಸಂಸ್ಕೃತದಲ್ಲಿ ಬಾಳೆಗೂ ಅದೇ ಹೆಸರು.

ಬಸರೀಕಟ್ಟೆಯನ್ನು ಮಾತ್ರ ಯಾರೂ ಪ್ಲಕ್ಷಪುರಿ ಮಾಡಲು ಹೋಗಲಿಲ್ಲ. ಬಚಾವು.