ಬದಲಾವಣೆಯ ನಿರ್ವಹಣೆ

ಬದಲಾವಣೆಯ ನಿರ್ವಹಣೆ ಎಂದರೆ ಸಂಸ್ಥೆಯೊಂದರ ಕೆಲಸದ ವಿಧಾನ, ರಚನೆ, ತಂತ್ರಜ್ಞಾನ ಅಥವಾ ಒಡೆತನ ಬದಲಾಗುವ ಸಂದರ್ಭದಲ್ಲಿ ಅಲ್ಲಿನ ನೌಕರರು ಹೊಸ ಪರಿಸ್ಥಿತಿಗೆ ಹೊಂದಿಕೊಳ್ಳಲು ನೆರವಾಗುವ ಯೋಜಿತ ಪ್ರಯತ್ನ. ಹೊಸ ಯಂತ್ರವನ್ನು ಕೊಳ್ಳುವುದು ಅಥವಾ ಹೊಸ ನಿಯಮವನ್ನು ಪ್ರಕಟಿಸುವುದು ಬದಲಾವಣೆಯ ಒಂದು ಭಾಗ ಮಾತ್ರ. ಆ ಯಂತ್ರವನ್ನು ಬಳಸುವವರು, ಆ ನಿಯಮದಂತೆ ನಡೆಯಬೇಕಾದವರು ಅದನ್ನು ಒಪ್ಪಿಕೊಂಡಾಗಲಷ್ಟೇ ಬದಲಾವಣೆ ಪೂರ್ಣವಾಗುತ್ತದೆ. ಈ ಎರಡನೆಯ ಭಾಗವನ್ನು ನೋಡಿಕೊಳ್ಳುವುದು ಸಂಸ್ಥೆಯ ನಾಯಕರ ಮುಖ್ಯ ಹೊಣೆಗಳಲ್ಲಿ ಒಂದು.

ವಿರೋಧದ ಕಾರಣಗಳು

ನೌಕರರು ಬದಲಾವಣೆಯನ್ನು ವಿರೋಧಿಸಿದಾಗ ಅದನ್ನು ಹಟಮಾರಿತನ ಅಥವಾ ಅಜ್ಞಾನವೆಂದು ಭಾವಿಸುವುದು ಸಾಮಾನ್ಯ. ಆದರೆ ವಿರೋಧದ ಹಿಂದೆ ಬಹಳ ಸಲ ನಷ್ಟದ ಅಳುಕು ಇರುತ್ತದೆ. ವರ್ಷಗಳ ಕಾಲ ಒಂದು ಕೆಲಸವನ್ನು ಮಾಡಿ ನುರಿತವನು ಹೊಸ ವ್ಯವಸ್ಥೆಯಲ್ಲಿ ಮತ್ತೆ ಕಲಿಕೆಗಾರನಾಗುತ್ತಾನೆ. ಆದಾಯ, ಹುದ್ದೆ, ಜೊತೆಗಾರರ ಒಡನಾಟ, ಕೆಲಸದ ಮೇಲಿದ್ದ ಹಿಡಿತ ಇವುಗಳಲ್ಲಿ ಯಾವುದು ಉಳಿಯುತ್ತದೆ, ಯಾವುದು ಹೋಗುತ್ತದೆ ಎಂಬುದು ಅವನಿಗೆ ತಿಳಿದಿರುವುದಿಲ್ಲ. ತನ್ನನ್ನು ಕೇಳದೆಯೇ ನಿರ್ಧಾರವಾಯಿತು ಎಂಬ ಭಾವನೆ ಈ ಅಳುಕನ್ನು ಇನ್ನಷ್ಟು ಹೆಚ್ಚಿಸುತ್ತದೆ.

ಹಾರ್ವುಡ್ ಕಾರ್ಖಾನೆಯ ಪ್ರಯೋಗ

ಈ ವಿಷಯದ ಆರಂಭದ ಪ್ರಮುಖ ಅಧ್ಯಯನ ನಡೆದದ್ದು ಅಮೆರಿಕದ ವರ್ಜೀನಿಯಾ ರಾಜ್ಯದ ಮೇರಿಯನ್ ಪಟ್ಟಣದಲ್ಲಿದ್ದ ಹಾರ್ವುಡ್ ಕಂಪನಿಯ ಪೈಜಾಮ ಕಾರ್ಖಾನೆಯಲ್ಲಿ. ಲೆಸ್ಟರ್ ಕೋಚ್ ಮತ್ತು ಜಾನ್ ಫ್ರೆಂಚ್ ಅದರ ಫಲಿತಾಂಶಗಳನ್ನು 1948ರಲ್ಲಿ ಪ್ರಕಟಿಸಿದರು. ಅಲ್ಲಿನ ಕೆಲಸಗಾರರಿಗೆ ಮಾಡಿದ ಕೆಲಸದ ಪ್ರಮಾಣಕ್ಕೆ ತಕ್ಕಂತೆ ಕೂಲಿ ಸಿಗುತ್ತಿತ್ತು. ಕೆಲಸದ ವಿಧಾನ ಬದಲಾದಾಗಲೆಲ್ಲ ಉತ್ಪಾದನೆ ಕುಸಿಯುತ್ತಿತ್ತು, ಅನೇಕರು ಕೆಲಸ ಬಿಡುತ್ತಿದ್ದರು.

ಪ್ರಯೋಗಕ್ಕಾಗಿ ನಾಲ್ಕು ಗುಂಪುಗಳನ್ನು ಆರಿಸಲಾಯಿತು. ಮೊದಲನೆಯ ಗುಂಪಿನಲ್ಲಿ ಬಟ್ಟೆಗೆ ಇಸ್ತ್ರಿ ಹಾಕುವ 18 ಮಂದಿ ಇದ್ದರು. ಅವರು ಸಿದ್ಧ ಉಡುಪುಗಳನ್ನು ಆರಾರರಂತೆ ರಟ್ಟಿನ ಹಾಳೆಯ ಮೇಲೆ ಜೋಡಿಸುತ್ತಿದ್ದರು. ಇನ್ನು ಮುಂದೆ ಹಾಳೆಯ ಬದಲು ಪೆಟ್ಟಿಗೆಯಲ್ಲಿ ಜೋಡಿಸಬೇಕಾಗಿತ್ತು. ಸಭೆ ಕರೆದು ಬದಲಾವಣೆಯ ಅಗತ್ಯವನ್ನೂ ಹೊಸ ಕೂಲಿ ದರವನ್ನೂ ವಿವರಿಸಲಾಯಿತು, ಪ್ರಶ್ನೆಗಳಿಗೆ ಉತ್ತರಿಸಲಾಯಿತು. ಆದರೆ ಯಾರ ಸಲಹೆಯನ್ನೂ ಕೇಳಲಿಲ್ಲ. ಎರಡನೆಯ ಗುಂಪು ತನ್ನ ಪ್ರತಿನಿಧಿಗಳ ಮೂಲಕ ಹೊಸ ವಿಧಾನವನ್ನು ರೂಪಿಸುವುದರಲ್ಲಿ ಭಾಗವಹಿಸಿತು. ಇವರಿಗೆ ನೋಡಲು ಒಂದೇ ತೆರನಾದ ಎರಡು ಉಡುಪುಗಳನ್ನು ತೋರಿಸಿ, ಅವುಗಳಲ್ಲಿ ಅರ್ಧ ಬೆಲೆಗೆ ಮಾರಾಟವಾದದ್ದು ಯಾವುದೆಂದು ಗುರುತಿಸಲು ಹೇಳಲಾಯಿತು. ಯಾರಿಗೂ ಗುರುತಿಸಲಾಗಲಿಲ್ಲ. ವೆಚ್ಚವನ್ನು ಏಕೆ ತಗ್ಗಿಸಬೇಕೆಂಬುದು ಇದರಿಂದ ಅವರಿಗೇ ಮನವರಿಕೆಯಾಯಿತು. ಉಳಿದೆರಡು ಸಣ್ಣ ಗುಂಪುಗಳಲ್ಲಿ ಎಲ್ಲ ಸದಸ್ಯರೂ ನೇರವಾಗಿ ಭಾಗವಹಿಸಿದರು.

ಮೊದಲನೆಯ ಗುಂಪಿನ ಉತ್ಪಾದನೆ ಕುಸಿದು ಅಲ್ಲಿಯೇ ನಿಂತಿತು. ಮೊದಲ 40 ದಿನಗಳಲ್ಲಿ ಶೇಕಡ 17ರಷ್ಟು ಮಂದಿ ಕೆಲಸ ಬಿಟ್ಟರು. ಉಳಿದ ಮೂರು ಗುಂಪುಗಳಲ್ಲಿ ಆ ಅವಧಿಯಲ್ಲಿ ಒಬ್ಬರೂ ಕೆಲಸ ಬಿಡಲಿಲ್ಲ. ಎಲ್ಲರೂ ಭಾಗವಹಿಸಿದ ಗುಂಪುಗಳ ಉತ್ಪಾದನೆ ಬೇಗನೆ ಚೇತರಿಸಿಕೊಂಡು ಮೊದಲಿಗಿಂತ ಸುಮಾರು ಶೇಕಡ 14ರಷ್ಟು ಹೆಚ್ಚಾಯಿತು. ಸುಮಾರು ಎರಡೂವರೆ ತಿಂಗಳ ನಂತರ, ಮೊದಲನೆಯ ಗುಂಪಿನಲ್ಲಿ ಉಳಿದಿದ್ದ 13 ಮಂದಿಗೆ ಮತ್ತೊಂದು ಕೆಲಸವನ್ನು ಕೊಟ್ಟು, ಈ ಬಾರಿ ಅವರನ್ನೂ ಸೇರಿಸಿಕೊಂಡು ಬದಲಾವಣೆಯನ್ನು ರೂಪಿಸಲಾಯಿತು. ಆಗ ಅವರೂ ಬೇಗನೆ ಹೊಂದಿಕೊಂಡರು. ತೊಡಕು ಕೆಲಸಗಾರರ ಸ್ವಭಾವದಲ್ಲಿರಲಿಲ್ಲ, ಬದಲಾವಣೆಯನ್ನು ತಂದ ರೀತಿಯಲ್ಲಿತ್ತು ಎಂಬುದನ್ನು ಇದು ಸೂಚಿಸಿತು.

ಪ್ರಮುಖ ಮಾದರಿಗಳು

ಕರ್ಟ್ ಲೆವಿನ್ (1890–1947): ಹಾರ್ವುಡ್ ಕಂಪನಿಗೆ ಸಲಹೆಗಾರರಾಗಿದ್ದ ಈ ಮನಶ್ಶಾಸ್ತ್ರಜ್ಞರು ಬದಲಾವಣೆಯನ್ನು ಮೂರು ಹಂತಗಳಲ್ಲಿ ವಿವರಿಸಿದರು. ಹಳೆಯ ರೂಢಿಯನ್ನು ಸಡಿಲಿಸುವುದು, ಹೊಸ ಸ್ಥಿತಿಗೆ ಸಾಗುವುದು, ಅದನ್ನು ನೆಲೆಗೊಳಿಸುವುದು ಇವೇ ಆ ಹಂತಗಳು. ಬದಲಾವಣೆಗಾಗಿ ಒತ್ತಡವನ್ನು ಹೆಚ್ಚಿಸುವುದಕ್ಕಿಂತ ಅದನ್ನು ತಡೆಯುತ್ತಿರುವ ಕಾರಣಗಳನ್ನು ಕಡಿಮೆ ಮಾಡುವುದು ಮೇಲೆಂದು ಅವರು ವಾದಿಸಿದರು.

ವಿಲಿಯಂ ಬ್ರಿಡ್ಜಸ್: ಬದಲಾವಣೆ ಹೊರಗಿನ ಘಟನೆ, ಸ್ಥಿತ್ಯಂತರ ಮನಸ್ಸಿನೊಳಗೆ ನಡೆಯುವ ಕ್ರಿಯೆ ಎಂದು ಇವರು ಬೇರ್ಪಡಿಸಿದರು. ಸ್ಥಿತ್ಯಂತರವು ಹಳೆಯದರ ಅಂತ್ಯದಿಂದ ಆರಂಭವಾಗಿ, ಅನಿಶ್ಚಿತತೆಯ ನಡುಗಾಲವನ್ನು ದಾಟಿ, ಹೊಸ ಆರಂಭವನ್ನು ತಲುಪುತ್ತದೆ.

ಜಾನ್ ಕಾಟರ್: 1996ರಲ್ಲಿ ಪ್ರಕಟವಾದ ಪುಸ್ತಕದಲ್ಲಿ ಎಂಟು ಹಂತಗಳ ಮಾದರಿಯನ್ನು ಮುಂದಿಟ್ಟರು. ತುರ್ತನ್ನು ಮನಗಾಣಿಸುವುದು, ಮುನ್ನಡೆಸುವ ತಂಡವನ್ನು ಕಟ್ಟುವುದು, ಅಡೆತಡೆಗಳನ್ನು ನಿವಾರಿಸುವುದು, ಸಣ್ಣ ಗೆಲುವುಗಳನ್ನು ಬೇಗನೆ ಸಾಧಿಸಿ ತೋರಿಸುವುದು ಇವುಗಳಲ್ಲಿ ಸೇರಿವೆ.

ನಾಯಕರ ಪಾತ್ರ

ನಾಯಕರು ಬದಲಾವಣೆಯ ಕಾರಣವನ್ನು ಮೊದಲು ಹೇಳಬೇಕು. ಏನು ಬದಲಾಗುತ್ತದೆ ಎನ್ನುವುದರ ಜೊತೆಗೆ ಏನು ಬದಲಾಗುವುದಿಲ್ಲ ಎನ್ನುವುದನ್ನೂ ಸ್ಪಷ್ಟಪಡಿಸಬೇಕು. ಇನ್ನೂ ನಿರ್ಧಾರವಾಗದ ಸಂಗತಿಯನ್ನು ನಿರ್ಧಾರವಾಗಿಲ್ಲವೆಂದೇ ತಿಳಿಸುವುದು ಗಾಳಿಸುದ್ದಿಯನ್ನು ತಡೆಯುತ್ತದೆ. ತರಬೇತಿಯ ಅವಧಿಯಲ್ಲಿ ಕೆಲಸ ನಿಧಾನವಾಗುವುದು ಸಹಜವಾದ್ದರಿಂದ ಆ ಕಾಲದಲ್ಲಿ ಹಳೆಯ ಗುರಿಗಳನ್ನು ಸಡಿಲಿಸಬೇಕಾಗುತ್ತದೆ. ನೌಕರರು ದಿನನಿತ್ಯ ಪ್ರಶ್ನೆ ಕೇಳುವುದು ತಮ್ಮ ಹತ್ತಿರದ ಮೇಲ್ವಿಚಾರಕರನ್ನೇ ಆದ್ದರಿಂದ ಅವರಿಗೆ ವಿಷಯ ಮುಂಚಿತವಾಗಿ ತಿಳಿದಿರಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಸಲಹೆಯನ್ನು ಕೇಳಿದ ಮೇಲೆ ಅದರಿಂದ ಯೋಜನೆಯಲ್ಲಿ ಏನಾದರೂ ಬದಲಾಗುವ ಅವಕಾಶ ನಿಜವಾಗಿಯೂ ಇರಬೇಕು. ಕೇವಲ ಶಾಸ್ತ್ರಕ್ಕೆ ಕೇಳಿದ ಸಲಹೆ ನಂಬಿಕೆಯನ್ನು ಕುಗ್ಗಿಸುತ್ತದೆ.

ಭಾರತದಲ್ಲಿ

1947ರ ಕೈಗಾರಿಕಾ ವಿವಾದಗಳ ಕಾಯ್ದೆಯ 9ಎ ಪ್ರಕರಣವು ಕಾರ್ಮಿಕರ ಕೆಲವು ಸೇವಾ ಷರತ್ತುಗಳನ್ನು ಬದಲಿಸುವ ಮೊದಲು 21 ದಿನಗಳ ನೋಟಿಸ್ ಕೊಡಬೇಕೆಂದು ವಿಧಿಸಿತು. 2020ರ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲಿಯೂ ಇಂತಹ ನಿಯಮವಿದೆ. ಬ್ಯಾಂಕುಗಳಲ್ಲಿ ಗಣಕಯಂತ್ರಗಳ ಬಳಕೆಯ ಕುರಿತು ಭಾರತೀಯ ಬ್ಯಾಂಕುಗಳ ಸಂಘ ಮತ್ತು ನೌಕರರ ಸಂಘಟನೆಗಳ ನಡುವೆ 1983ರಲ್ಲಿ ಒಪ್ಪಂದವಾಯಿತು.

ಕರ್ನಾಟಕದಲ್ಲಿ ಹುಟ್ಟಿದ ಸ್ಟೇಟ್ ಬ್ಯಾಂಕ್ ಆಫ್ ಮೈಸೂರು (2017), ವಿಜಯಾ ಬ್ಯಾಂಕ್ (2019), ಸಿಂಡಿಕೇಟ್ ಬ್ಯಾಂಕ್ ಮತ್ತು ಕಾರ್ಪೊರೇಷನ್ ಬ್ಯಾಂಕ್ (2020) ಇತರ ಬ್ಯಾಂಕುಗಳಲ್ಲಿ ವಿಲೀನವಾದವು. ವಿಜಯಾ ಬ್ಯಾಂಕಿನ ವಿಲೀನವನ್ನು ವಿರೋಧಿಸಿ ಬ್ಯಾಂಕ್ ನೌಕರರ ಸಂಘಟನೆಗಳು 2018ರ ಡಿಸೆಂಬರ್ 26ರಂದು ಮುಷ್ಕರ ನಡೆಸಿದವು. ಇಂತಹ ವಿಲೀನಗಳಲ್ಲಿ ನೌಕರರು ಹೊಸ ತಂತ್ರಾಂಶ, ಹೊಸ ಕಾರ್ಯವಿಧಾನಗಳಿಗೆ ಒಗ್ಗಿಕೊಳ್ಳುವುದರ ಜೊತೆಗೆ ತಾವು ಗುರುತಿಸಿಕೊಂಡಿದ್ದ ಸಂಸ್ಥೆಯ ಹೆಸರನ್ನೂ ಬಿಟ್ಟುಕೊಡಬೇಕಾಗುತ್ತದೆ.

ಟೀಕೆಗಳು

ಹಾರ್ವುಡ್ ಪ್ರಯೋಗದ ಗುಂಪುಗಳು ಬಹಳ ಚಿಕ್ಕವಾಗಿದ್ದವು. ನಾರ್ವೆಯ ಕಾರ್ಖಾನೆಯೊಂದರಲ್ಲಿ ಫ್ರೆಂಚ್ ಮತ್ತು ಸಂಗಡಿಗರು ನಡೆಸಿ 1960ರಲ್ಲಿ ಪ್ರಕಟಿಸಿದ ಇಂಥದೇ ಪ್ರಯೋಗದಲ್ಲಿ ಭಾಗವಹಿಸುವಿಕೆಯಿಂದ ಉತ್ಪಾದನೆ ಹೆಚ್ಚಲಿಲ್ಲ. ಬದಲಾವಣೆಯ ಪ್ರಯತ್ನಗಳಲ್ಲಿ ಶೇಕಡ 70ರಷ್ಟು ವಿಫಲವಾಗುತ್ತವೆ ಎಂಬ ಪ್ರಚಲಿತ ಮಾತಿಗೆ ನಂಬಲರ್ಹ ಆಧಾರವಿಲ್ಲವೆಂದು ಮಾರ್ಕ್ ಹ್ಯೂಸ್ 2011ರಲ್ಲಿ ತೋರಿಸಿದರು. ಎಲ್ಲ ವಿರೋಧವನ್ನೂ ನಿವಾರಿಸಬೇಕಾದ ಅಡ್ಡಿಯೆಂದು ಕಾಣುವುದು ತಪ್ಪೆಂಬ ಟೀಕೆಯೂ ಇದೆ. ಕೆಲಸವನ್ನು ಹತ್ತಿರದಿಂದ ಬಲ್ಲವರ ಆಕ್ಷೇಪವು ಯೋಜನೆಯ ದೋಷವನ್ನೇ ಎತ್ತಿ ತೋರಿಸುತ್ತಿರಬಹುದು.