ದ್ರಾಕ್ಷಿ ಹಿಂಡಲು ಕಬ್ಬಿನ ಗಾಣ ಸಲ್ಲದು



ದೊಡ್ಡಬಳ್ಳಾಪುರ, ದೇವನಹಳ್ಳಿ, ಚಿಕ್ಕಬಳ್ಳಾಪುರದ ಕಡೆ ಬೆಂಗಳೂರು ನೀಲಿ ದ್ರಾಕ್ಷಿ ಬೆಳೆಯುವವರು ಬಹಳ. ಪೇಟೆಯಲ್ಲಿ ಬೆಲೆ ಬಿದ್ದಾಗ, ಹಣ್ಣು ಕೊಳೆಯುವ ಮೊದಲೇ ಹಿಂಡಿ ವೈನ್ ಏಕೆ ಮಾಡಬಾರದು ಎಂದು ನಿಮ್ಮಲ್ಲಿ ಕೆಲವರು ಯೋಚಿಸಿರಬಹುದು. ಯೋಚನೆ ತಪ್ಪಲ್ಲ. ಆದರೆ ಇರುವ ಕಬ್ಬಿನ ಗಾಣಕ್ಕೇ ಗೊಂಚಲು ಕೊಟ್ಟಿರೋ, ಹಣ್ಣೂ ಹೋಯಿತು, ದುಡಿಮೆಯೂ ಹೋಯಿತು.

ಗಾಣದ ಉರುಳೆಗಳು ದ್ರಾಕ್ಷಿಯ ಬೀಜವನ್ನು, ತೊಟ್ಟನ್ನು ಜಜ್ಜಿಬಿಡುತ್ತವೆ. ಅವುಗಳಲ್ಲಿನ ಒಗರು, ಕಹಿ ರಸಕ್ಕಿಳಿದರೆ ಮತ್ತೆ ತೆಗೆಯುವುದು ಕಷ್ಟ. ಜೊತೆಗೆ ಹುಳಿರಸವು ಬರಿಯ ಕಬ್ಬಿಣವನ್ನು ತಿನ್ನುತ್ತದೆ. ರಸ ಕದಡಿ ಲೋಹದ ರುಚಿ ಬರುತ್ತದೆ.

ಇದಕ್ಕೆಂದೇ ಇರುವ ಸಾಧನ ಬುಟ್ಟಿಯಂತಿದೆ. ಸಂದು ಬಿಟ್ಟು ಜೋಡಿಸಿದ ಮರದ ಪಟ್ಟಿಗಳ ದುಂಡು ಪಂಜರ, ಅದರ ಕೆಳಗೆ ರಸ ಹರಿಯುವ ತಟ್ಟೆ, ನಡುವೆ ಒಂದು ತಿರುಪು. ತಿರುಪನ್ನು ಸುತ್ತಿದಂತೆ ಮೇಲಿನ ಹಲಗೆ ಇಳಿದು ಹಣ್ಣನ್ನು ಮೆಲ್ಲನೆ ಅದುಮುತ್ತದೆ. ಬೀಜ ಒಡೆಯುವುದಿಲ್ಲ. ರಸ ತಗಲುವ ಲೋಹದ ಭಾಗ ತುಕ್ಕು ಹಿಡಿಯದ ಉಕ್ಕಿನದೇ ಆಗಿರಲಿ. ದೊಡ್ಡ ಕಾರ್ಖಾನೆಗಳಲ್ಲಿ ಗಾಳಿ ತುಂಬಿದ ರಬ್ಬರ್ ಚೀಲದಿಂದ ಒತ್ತುವ ಯಂತ್ರಗಳಿವೆ. ಅವುಗಳ ಮಾತು ನಮಗೆ ಈಗ ಬೇಡ.

ಬಿಳಿ ವೈನಿಗೆ ಹಣ್ಣನ್ನು ಮೊದಲೇ ಹಿಂಡುತ್ತಾರೆ. ಕೆಂಪಿಗಾದರೆ ತೊಟ್ಟು ಬಿಡಿಸಿ, ಹಣ್ಣು ಒಡೆದು, ಸಿಪ್ಪೆಯೊಡನೆಯೇ ಕೆಲವು ದಿನ ಹುದುಗಲು ಬಿಟ್ಟು ಆಮೇಲೆ ಹಿಂಡುವುದು; ಬಣ್ಣವಿರುವುದು ಸಿಪ್ಪೆಯಲ್ಲಿ.

ನಮ್ಮ ನೀಲಿ ದ್ರಾಕ್ಷಿಗೆ ಒಂದು ಪೇಚಿದೆ. ಅದುಮಿದರೆ ಸಿಪ್ಪೆ ಕಳಚಿ, ಲೋಳೆಯಂಥ ತಿರುಳು ಜಾರಿ ಪಟ್ಟಿಗಳ ಸಂದನ್ನು ಮುಚ್ಚುತ್ತದೆ, ರಸ ಇಳಿಯದು. ಅಮೆರಿಕದಲ್ಲಿ ಇದೇ ಜಾತಿಗೆ ಹತ್ತಿರದ ಕಾನ್‌ಕಾರ್ಡ್ ದ್ರಾಕ್ಷಿ ಹಿಂಡುವವರು ಭತ್ತದ ಹೊಟ್ಟನ್ನು ಬೆರೆಸುತ್ತಾರೆ. ಚೆನ್ನಾಗಿ ತೊಳೆದ ಹೊಟ್ಟು, 100 ಕಿಲೋ ತಿರುಳಿಗೆ ಒಂದೆರಡು ಕಿಲೋ ಸಾಕು, ರಸಕ್ಕೆ ದಾರಿಯಾಗುತ್ತದೆ. ಹೊಟ್ಟಿಗೆ ನಮ್ಮಲ್ಲಿ ಬರವೇ?

ತಿರುಪನ್ನು ಸ್ವಲ್ಪ ಸುತ್ತಿ ನಿಲ್ಲಿಸಿ. ಧಾರೆ ತಗ್ಗಿದ ಮೇಲೆ ಮತ್ತೆ ಸುತ್ತಿ. ಅವಸರ ಬೇಡ. 100 ಕಿಲೋ ಹಣ್ಣಿಗೆ 60ರಿಂದ 70 ಲೀಟರ್ ಬಂದರೆ ಸಾಕೆನ್ನಿ. ಕೊನೆಯಲ್ಲಿ ಬಲವಂತವಾಗಿ ಇಳಿದ ರಸ ಒಗರು. ಅದನ್ನು ಬೇರೆ ಪಾತ್ರೆಯಲ್ಲಿಡಿ.

ಯಂತ್ರಕ್ಕೆ ಹಣ ಕೊಡುವ ಮುನ್ನ ಅಬಕಾರಿ ಇಲಾಖೆಯಲ್ಲಿ ವಿಚಾರಿಸಿರಿ. ರಾಜ್ಯ ಸರ್ಕಾರ 2007ರಲ್ಲಿ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿಯನ್ನು ತಂದಿದ್ದರೂ ಪರವಾನಗಿ ಇಲ್ಲದೆ ವೈನ್ ತಯಾರಿಸುವಂತಿಲ್ಲ, ಮಾರುವಂತಿಲ್ಲ.

ಕೆಲಸ ಮುಗಿದೊಡನೆ ಪಂಜರವನ್ನು ನೀರಿನಲ್ಲಿ ಉಜ್ಜಿ ತೊಳೆದು ಒಣಗಿಸಿ. ಮರದ ಸಂದಿನಲ್ಲಿ ರಸ ಉಳಿದರೆ ಬೂಷ್ಟು ಹಿಡಿಯುತ್ತದೆ. ಹಿಪ್ಪೆ ಗೊಬ್ಬರದ ಗುಂಡಿಗೆ ಹೋಗಲಿ.